ಮಲೆನಾಡಿನಿಂದ ಹೊರರಾಜ್ಯದ ಥೀಮ್ ಪಾರ್ಕಿಗೆ: ಕಡಿಮೆ ಖರ್ಚಿನಲ್ಲಿ ಮೂರು ದಿನದ ಕುಟುಂಬ ಪ್ರವಾಸ

ಥೀಮ್ ಪಾರ್ಕಿಗೆ ಹೋಗುವ ಮಾತು ಮನೆಯಲ್ಲಿ ಎದ್ದ ಕೂಡಲೇ ಎಲ್ಲರೂ ನೋಡುವುದು ಪ್ರವೇಶ ಟಿಕೆಟ್ಟಿನ ದರವನ್ನು. ಆದರೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ಬೇರೆ ರಾಜ್ಯದ ಪಾರ್ಕಿಗೆ ಹೊರಡುವ ನಾಲ್ಕು ಜನರ ಕುಟುಂಬಕ್ಕೆ ಖರ್ಚು ಏರುವುದೂ ಇಳಿಯುವುದೂ ಬಹುಮಟ್ಟಿಗೆ ಯಾವ ದಿನ ಹೋಗುತ್ತಾರೆ ಎಂಬುದರ ಮೇಲೆ. ಒಂದೇ ಪಾರ್ಕಿಗೆ ಮೇ ತಿಂಗಳ ಭಾನುವಾರ ಹೋದವರು ಕೊಡುವ ದರ ಒಂದಾದರೆ, ಏಪ್ರಿಲ್ ನಡುವಿನ ಮಂಗಳವಾರ ಹೋದವರು ಕೊಡುವ ದರ ಇನ್ನೊಂದು. ಸುತ್ತಮುತ್ತಲಿನ ಲಾಡ್ಜುಗಳ ಬಾಡಿಗೆಯೂ ಹಾಗೆಯೇ, ರೈಡಿನ ಸಾಲಿನಲ್ಲಿ ನಿಲ್ಲುವ ಹೊತ್ತೂ ಹಾಗೆಯೇ. ಆದ್ದರಿಂದ ಮೊದಲು ದಿನಾಂಕ, ಆಮೇಲೆ ದಾರಿ, ಕೊನೆಗೆ ಪಾರ್ಕಿನ ಟಿಕೆಟ್ ಎಂಬ ಕ್ರಮದಲ್ಲಿ ಯೋಚಿಸುವುದು ಒಳ್ಳೆಯದು.

ನಮಗೆ ರಜೆ, ಅವರಿಗೆ ಶಾಲೆ

ಪಾರ್ಕುಗಳು ತುಂಬುವುದು ಆಯಾ ರಾಜ್ಯದ ಶಾಲೆಗಳಿಗೆ ರಜೆ ಬಿದ್ದಾಗ. ನಮ್ಮ ರಾಜ್ಯದ ಶಾಲಾ ರಜೆಗೂ ನೆರೆರಾಜ್ಯಗಳ ರಜೆಗೂ ಇರುವ ವ್ಯತ್ಯಾಸವೇ ನಮಗೆ ಸಿಗುವ ದೊಡ್ಡ ಉಳಿತಾಯ. ಕರ್ನಾಟಕದ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ಬೇಸಿಗೆ ರಜೆ ಆರಂಭವಾಗುತ್ತದೆ. ತೆಲಂಗಾಣದಲ್ಲಿ ಆ ತಿಂಗಳ ಕೊನೆಯ ವಾರದ ಆಸುಪಾಸಿನವರೆಗೂ ತರಗತಿಗಳು ನಡೆಯುತ್ತಿರುತ್ತವೆ. ಈ ನಡುವಿನ ಕೆಲವು ದಿನಗಳಲ್ಲಿ, ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ, ಗುಡ್ ಫ್ರೈಡೆ ಮತ್ತು ವಾರಾಂತ್ಯಗಳನ್ನು ಬಿಟ್ಟು, ಹೈದರಾಬಾದಿನ ಪಾರ್ಕಿಗೆ ಹೋಗುವವರಿಗೆ ಜನಜಂಗುಳಿ ಕಡಿಮೆ. ಬಿಸಿಲು ಮಾತ್ರ ಜೋರಿರುತ್ತದೆ. ಆಗುಂಬೆಯ ತಂಪಿನಲ್ಲಿ ಬೆಳೆದ ಮಕ್ಕಳು ಮಧ್ಯಾಹ್ನದ ಹೊತ್ತು ನೀರಿನ ರೈಡುಗಳಲ್ಲೋ ನೆರಳಿನಲ್ಲೋ ಇರುವಂತೆ ನೋಡಿಕೊಳ್ಳಬೇಕು.

ದಸರಾ ರಜೆಯಲ್ಲಿ ಲೆಕ್ಕ ಬೇರೆ. ತೆಲಂಗಾಣದಲ್ಲಿ ಬತುಕಮ್ಮ ಮತ್ತು ದಸರಾಕ್ಕೆ ದೀರ್ಘ ರಜೆ ಇರುವುದರಿಂದ ಹೈದರಾಬಾದಿನಲ್ಲಿ ಆಗ ನೂಕುನುಗ್ಗಲು. ಮಹಾರಾಷ್ಟ್ರದ ಶಾಲೆಗಳಿಗೆ ದೊಡ್ಡ ರಜೆ ಸಿಗುವುದು ದೀಪಾವಳಿಗೆ. ದಸರಾಕ್ಕೆ ಅಲ್ಲಿ ನಮ್ಮಂತೆ ವಾರಗಟ್ಟಲೆ ಶಾಲೆ ಮುಚ್ಚುವುದಿಲ್ಲ. ಹಾಗಾಗಿ ನಮ್ಮ ದಸರಾ ರಜೆಯ ವಾರದ ದಿನಗಳಲ್ಲಿ, ವಿಜಯದಶಮಿ ಮತ್ತು ಅಕ್ಟೋಬರ್ 2ನ್ನು ತಪ್ಪಿಸಿ, ಮುಂಬೈ–ಪುಣೆ ಕಡೆಗೆ ಹೋಗುವುದು ಲಾಭದ ಬಾಬತ್ತು. ತೋಟದ ಮನೆಯವರಿಗೆ ಇನ್ನೊಂದು ಅನುಕೂಲವೂ ಇದೆ: ಅಡಿಕೆ ಕೊಯ್ಲು ಬಿರುಸಾಗುವ ಮೊದಲೇ ಮನೆಗೆ ಮರಳಬಹುದು. ಅಡಿಕೆ ಗೊನೆ ಕೊಯ್ಯುವ ಕೊನೆಗೌಡ ಬರುವ ದಿನ ಗೊತ್ತಾದ ಮೇಲೆ ಯಾರೂ ಊರು ಬಿಡುವ ಸ್ಥಿತಿಯಲ್ಲಿ ಇರುವುದಿಲ್ಲವೆಂಬುದನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಶಾಲೆಗಳ ಈ ದಿನಾಂಕಗಳು ವರ್ಷದಿಂದ ವರ್ಷಕ್ಕೆ ಸ್ವಲ್ಪ ಸರಿಯುತ್ತವೆ. ಎರಡೂ ರಾಜ್ಯಗಳ ಶಿಕ್ಷಣ ಇಲಾಖೆಯ ವೇಳಾಪಟ್ಟಿಯನ್ನು ಅಕ್ಕಪಕ್ಕ ಇಟ್ಟು ನೋಡಿದ ಬಳಿಕವೇ ದಿನ ಗೊತ್ತು ಮಾಡಬೇಕು.

ಯಾರು ಯಾರು ಹೋಗುತ್ತಿದ್ದಾರೆ?

ಬಿಡದಿಯ ವಂಡರ್‌ಲಾವನ್ನು ಇನ್ನೂ ನೋಡಿರದ ಮಕ್ಕಳಿದ್ದರೆ ಅದನ್ನೇ ಮೊದಲು ಮುಗಿಸುವುದು ಜಾಣತನ; 2005ರಲ್ಲಿ ಆರಂಭವಾದ ಆ ಪಾರ್ಕ್ ಮೈಸೂರು ರಸ್ತೆಯಲ್ಲೇ ಇರುವುದರಿಂದ ಹೊರರಾಜ್ಯದ ಪ್ರಶ್ನೆಯೇ ಏಳುವುದಿಲ್ಲ. ಅದಾದ ಮೇಲಿನ ಮಾತು ಇದು. ಎತ್ತರದ ರೋಲರ್ ಕೋಸ್ಟರ್ ಹತ್ತಬಲ್ಲ ದೊಡ್ಡ ಮಕ್ಕಳಿದ್ದರೆ ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಖೋಪೋಲಿಯ ಬಳಿ 2013ರಲ್ಲಿ ತೆರೆದ ಇಮ್ಯಾಜಿಕಾ ಸೂಕ್ತ. ಅಲ್ಲಿ ಥೀಮ್ ಪಾರ್ಕ್, ವಾಟರ್ ಪಾರ್ಕ್, ಸ್ನೋ ಪಾರ್ಕ್ ಮೂರಕ್ಕೂ ಬೇರೆ ಬೇರೆ ಟಿಕೆಟ್. ಒಂದೇ ದಿನದಲ್ಲಿ ಎಲ್ಲವನ್ನೂ ನೋಡುವ ಆಸೆ ಬೇಡ, ಥೀಮ್ ಪಾರ್ಕ್ ಒಂದೇ ಸಾಕು.

ಅಜ್ಜ, ಅಜ್ಜಿ ಜೊತೆಗಿದ್ದರೆ ರಾಮೋಜಿ ಫಿಲ್ಮ್ ಸಿಟಿಯೇ ಮೇಲು. 1996ರಲ್ಲಿ ಆರಂಭವಾದ ಈ ಜಾಗ ವಿಶ್ವದ ಅತಿ ದೊಡ್ಡ ಚಲನಚಿತ್ರ ಸ್ಟುಡಿಯೋ ಸಂಕೀರ್ಣವೆಂದು ಗಿನ್ನೆಸ್ ದಾಖಲೆಗೆ ಸೇರಿದೆ. ಸೆಟ್ಟುಗಳನ್ನೂ ತೋಟಗಳನ್ನೂ ಬಸ್ಸಿನಲ್ಲಿ ಕೂರಿಸಿಕೊಂಡು ತೋರಿಸುತ್ತಾರೆ, ನಡುನಡುವೆ ಕುಳಿತು ನೋಡುವ ಪ್ರದರ್ಶನಗಳಿರುತ್ತವೆ, ರೈಡುಗಳಿಗೆ ಅಲ್ಲಿ ಎರಡನೆಯ ಸ್ಥಾನ. ಬರೀ ರೈಡುಗಳ ಪಾರ್ಕಿನಲ್ಲಿ ಒಂದನ್ನೂ ಹತ್ತದೆ ಚೀಲ ಕಾಯುತ್ತ ಬೆಂಚಿನಲ್ಲಿ ಕೂರುವ ಹಿರಿಯರಿಗೂ ಟಿಕೆಟ್ ಕೊಳ್ಳಲೇಬೇಕು. ಆ ಹಣವೂ ವ್ಯರ್ಥ, ಅವರಿಗೆ ದಣಿವೂ ಅಧಿಕ. ಹೈದರಾಬಾದಿನಲ್ಲಿ 2016ರಲ್ಲಿ ತೆರೆದ ವಂಡರ್‌ಲಾ ಕೂಡ ಇದೆ. ಅದು ಹೊರವರ್ತುಲ ರಸ್ತೆಯ ರಾವಿರ್ಯಾಲದ ಬಳಿ, ರಾಮೋಜಿ ಫಿಲ್ಮ್ ಸಿಟಿ ವಿಜಯವಾಡ ಹೆದ್ದಾರಿಯಲ್ಲಿ ಹಯಾತ್‌ನಗರ ದಾಟಿದ ಮೇಲೆ. ಎರಡನ್ನೂ ಒಂದೇ ಪ್ರವಾಸಕ್ಕೆ ಸೇರಿಸಿದರೆ ಒಂದು ರಾತ್ರಿಯ ಬಾಡಿಗೆ ಹೆಚ್ಚುತ್ತದೆ.

ಘಟ್ಟ ಇಳಿದು ರೈಲು ಹತ್ತುವುದು

ಶಿವಮೊಗ್ಗದವರು ಎಲ್ಲಿಗೆ ಹೊರಟರೂ ಮೊದಲು ಬೆಂಗಳೂರಿನ ಕಡೆ ಮುಖ ಮಾಡುತ್ತಾರೆ. ಹೈದರಾಬಾದಿಗೆ ಅದು ಸರಿ, ಖೋಪೋಲಿಗೆ ಸರಿಯಲ್ಲ. ಖೋಪೋಲಿಗೆ ಹತ್ತಿರದ ದೊಡ್ಡ ರೈಲು ನಿಲ್ದಾಣ ಪನ್ವೇಲ್. ಮಧ್ಯಾಹ್ನ ಮಂಗಳೂರಿನಿಂದ ಹೊರಡುವ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಉಡುಪಿ, ಕುಂದಾಪುರ, ಭಟ್ಕಳದ ಮೇಲಿಂದ ಕೊಂಕಣ ರೈಲು ಮಾರ್ಗದಲ್ಲಿ ಸಾಗಿ ಮರುದಿನ ಬೆಳಗಿನ ಜಾವ ಪನ್ವೇಲ್ ಮುಟ್ಟುತ್ತದೆ. ಅಂದರೆ ಘಟ್ಟ ಇಳಿದರೆ ಸಾಕು, ರಾತ್ರಿಯ ನಿದ್ದೆ ರೈಲಿನಲ್ಲೇ ಆಗುತ್ತದೆ.

ತೀರ್ಥಹಳ್ಳಿಯವರಿಗೆ ಆಗುಂಬೆ ಘಾಟಿಯ ಮೂಲಕ ಉಡುಪಿ ಹತ್ತಿರ. ಹೊಸನಗರದವರಿಗೆ ಹುಲಿಕಲ್ ಘಾಟಿ ಇಳಿದರೆ ಕುಂದಾಪುರ. ಸಾಗರದವರಿಗೆ 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಉದ್ಘಾಟನೆಯಾದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯಿಂದಾಗಿ ಸಿಗಂದೂರು, ಕೊಲ್ಲೂರಿನ ಮೇಲಿಂದ ಬೈಂದೂರಿನ ಮೂಕಾಂಬಿಕಾ ರೋಡ್ ನಿಲ್ದಾಣಕ್ಕೆ ಹೋಗುವ ದಾರಿ ಸುಲಭವಾಗಿದೆ. ಲಾಂಚಿನ ಸರದಿಗಾಗಿ ಹೊಳೆಬಾಗಿಲಿನಲ್ಲಿ ಕಾಯುತ್ತ ಗಡಿಯಾರ ನೋಡುವ ಕಾಲ ಮುಗಿಯಿತು. ಹೀಗಿದ್ದರೂ ಮಳೆಗಾಲದಲ್ಲಿ ಘಟ್ಟದ ರಸ್ತೆಗಳಲ್ಲಿ ಮಣ್ಣು ಕುಸಿಯುವುದುಂಟು, ಕೊಂಕಣ ರೈಲ್ವೆಯೂ ಆ ತಿಂಗಳುಗಳಲ್ಲಿ ವೇಗ ತಗ್ಗಿಸಿ ಪ್ರತ್ಯೇಕ ವೇಳಾಪಟ್ಟಿಯಂತೆ ಗಾಡಿಗಳನ್ನು ಓಡಿಸುತ್ತದೆ. ದಸರಾ ಬೇಗ ಬಂದ ವರ್ಷ ಈ ವೇಳಾಪಟ್ಟಿಯೇ ಜಾರಿಯಲ್ಲಿರುತ್ತದೆ. ಆದ್ದರಿಂದ ಹಳೆಯ ಸಮಯವನ್ನು ನಂಬಿ ಬಸ್ಸು ಹಿಡಿಯಬಾರದು. ಘಟ್ಟ ಬೇಡವೆನ್ನುವವರು ಅರಸೀಕೆರೆ ಅಥವಾ ದಾವಣಗೆರೆಯಲ್ಲಿ ಹುಬ್ಬಳ್ಳಿ, ಬೆಳಗಾವಿ, ಮಿರಜ್ ಮಾರ್ಗವಾಗಿ ಪುಣೆಗೆ ಹೋಗುವ ಗಾಡಿ ಹಿಡಿಯಬಹುದು. ಆದರೆ ಪುಣೆಯಿಂದ ಖೋಪೋಲಿಗೆ ಮತ್ತೆ ಘಟ್ಟವೇ ಇಳಿಯಬೇಕು, ಭೋರ್ ಘಾಟ್.

ಪ್ರವಾಸದ ಲೆಕ್ಕ ಹೀಗೆ ಕೂರುತ್ತದೆ: ಸೋಮವಾರ ಮಧ್ಯಾಹ್ನ ರೈಲು, ಮಂಗಳವಾರ ಬೆಳಗಿನ ಜಾವ ಪನ್ವೇಲ್, ಅಲ್ಲಿಂದ ಬಸ್ಸಿನಲ್ಲಿ ಖೋಪೋಲಿ. ಕೋಣೆಗೆ ಹೋಗಿ ಮಕ್ಕಳನ್ನು ಎರಡು ತಾಸು ಮಲಗಿಸಿ, ಸ್ನಾನ ತಿಂಡಿ ಮುಗಿಸಿದರೂ ಪಾರ್ಕಿನ ಬಾಗಿಲು ತೆಗೆಯುವ ಹೊತ್ತಿಗೆ ತಲುಪಬಹುದು. ಆ ರಾತ್ರಿ ಅಲ್ಲೇ ಉಳಿದು ಬುಧವಾರ ಮಧ್ಯಾಹ್ನದ ಮರುಪ್ರಯಾಣದ ಗಾಡಿ ಹತ್ತಿದರೆ ಗುರುವಾರ ಬೆಳಗ್ಗೆ ಮನೆ. ಲಾಡ್ಜಿಗೆ ಕೊಡುವುದು ಒಂದೇ ರಾತ್ರಿಯ ಬಾಡಿಗೆ. ಇಲ್ಲಿ ಒಂದು ಮಾತನ್ನು ಮುಂಚೆಯೇ ಕೇಳಿಕೊಳ್ಳಬೇಕು: ಮಧ್ಯಾಹ್ನ 12ಕ್ಕೆ ಚೆಕ್-ಇನ್ ಎನ್ನುವ ಹೋಟೆಲಿಗೆ ಬೆಳಗ್ಗೆ 7ಕ್ಕೆ ಹೋದರೆ ಹಿಂದಿನ ದಿನದ ಬಾಡಿಗೆಯನ್ನೂ ಕೇಳಬಹುದು, 24 ಗಂಟೆಯ ಲೆಕ್ಕದ ಲಾಡ್ಜಿನಲ್ಲಿ ಈ ತೊಂದರೆ ಇಲ್ಲ. ಲೋಣಾವಳಾದಲ್ಲಿ ಕೋಣೆ ಹುಡುಕುವುದು ಬೇಡ, ಗಿರಿಧಾಮದ ದರ ಯಾವತ್ತೂ ಗಿರಿಧಾಮದ ದರವೇ.

ಹೈದರಾಬಾದಿಗೆ ಬೆಂಗಳೂರಿನ ಮೂಲಕವೇ ಹೋಗುವುದು ಒಳ್ಳೆಯದು. ಶಿವಮೊಗ್ಗದಿಂದ ಬೆಳಗಿನ ಜನಶತಾಬ್ದಿಯಲ್ಲಿ ಹೊರಟು, ಸಂಜೆ ಬೆಂಗಳೂರಿನಿಂದ ಹೊರಡುವ ಕಾಚಿಗೂಡ ಎಕ್ಸ್‌ಪ್ರೆಸ್ ಹಿಡಿದರೆ ಬೆಳಗಾಗುವಾಗ ಹೈದರಾಬಾದ್. 2023ರಲ್ಲಿ ಆರಂಭವಾದ ಕಾಚಿಗೂಡ–ಯಶವಂತಪುರ ವಂದೇ ಭಾರತ್ ವೇಗವಾದದ್ದು ನಿಜ. ಆದರೆ ಅದರ ದರ ನಾಲ್ವರಿಗೆ ಭಾರವಾಗುವುದಲ್ಲದೆ, ಹಗಲು ಗಾಡಿಯಾದ್ದರಿಂದ ಹೋಗುವಾಗ ರಾತ್ರಿ ಲಾಡ್ಜ್ ಬೇಕೇ ಬೇಕು. ಮಿಯಾಪುರದಿಂದ ಬರುವ ಮೆಟ್ರೊ ಮಾರ್ಗದ ಕೊನೆಯ ನಿಲ್ದಾಣವಾದ ಎಲ್.ಬಿ. ನಗರದ ಸುತ್ತ ಕೋಣೆ ಹಿಡಿದರೆ ರಾಮೋಜಿ ಫಿಲ್ಮ್ ಸಿಟಿಗೆ ಬಸ್ಸಿನಲ್ಲೇ ಹೋಗಿಬರಬಹುದು. ಶಿವಮೊಗ್ಗದ ಸೋಗಾನೆಯ ವಿಮಾನ ನಿಲ್ದಾಣದಿಂದ ಹೈದರಾಬಾದಿಗೆ ನೇರ ವಿಮಾನವಿರುವ ದಿನಗಳಲ್ಲಿ ಅಗ್ಗದ ಟಿಕೆಟ್ ಸಿಕ್ಕರೆ ಒಂದು ಕಡೆಗೆ ಅದನ್ನೂ ಬಳಸಬಹುದು, ಆದರೆ ಇಡೀ ಯೋಜನೆಯನ್ನು ಅದರ ಮೇಲೆ ಕಟ್ಟುವುದು ಬೇಡ.

ಟಿಕೆಟ್ಟುಗಳ ವಿಷಯ

ರೈಲಿನ ಮುಂಗಡ ಬುಕಿಂಗ್ ಅವಧಿ 2024ರ ನವೆಂಬರ್ 1ರಿಂದ 120 ದಿನದ ಬದಲು 60 ದಿನ. ರಜೆಯ ಪ್ರಯಾಣವಾದರೆ ಆ 60ನೆಯ ದಿನ ಬೆಳಗ್ಗೆ 8 ಗಂಟೆಗೇ ಕುಳಿತುಕೊಳ್ಳಬೇಕು. ನಡುವಿನ ನಿಲ್ದಾಣದಿಂದ ಬುಕ್ ಮಾಡುವಾಗ ಸೀಟು ತೋರಿಸದಿದ್ದರೆ, ಗಾಡಿ ಹೊರಡುವ ಮೂಲ ನಿಲ್ದಾಣದಿಂದ ಟಿಕೆಟ್ ತೆಗೆದು, ಬೋರ್ಡಿಂಗ್ ಸ್ಟೇಷನ್ ಎಂಬಲ್ಲಿ ಕುಂದಾಪುರವನ್ನೋ ಬೈಂದೂರನ್ನೋ ಆರಿಸಿಕೊಂಡು ನೋಡಬೇಕು. ಸ್ವಲ್ಪ ಹಣ ಹೆಚ್ಚಾದರೂ ಎಷ್ಟೋ ಸಲ ಹೀಗೆ ಬರ್ತ್ ಸಿಕ್ಕಿಬಿಡುತ್ತದೆ. ಆನ್‌ಲೈನಿನಲ್ಲಿ ಪಡೆದ ವೇಟಿಂಗ್ ಲಿಸ್ಟ್ ಟಿಕೆಟ್ ಚಾರ್ಟ್ ಆಗುವವರೆಗೂ ಹಾಗೆಯೇ ಉಳಿದರೆ ತಾನಾಗಿ ರದ್ದಾಗುತ್ತದೆ, ಅದನ್ನು ಹಿಡಿದು ಗಾಡಿ ಹತ್ತುವಂತಿಲ್ಲ.

5 ವರ್ಷ ತುಂಬದ ಮಗುವಿಗೆ ಪ್ರತ್ಯೇಕ ಬರ್ತ್ ಬೇಡವಾದರೆ ರೈಲಿನಲ್ಲಿ ಟಿಕೆಟ್ ಇಲ್ಲ. 5ರಿಂದ 12ರೊಳಗಿನ ಮಕ್ಕಳಿಗೆ ಬರ್ತ್ ಬೇಡವೆಂದರೆ ಅರ್ಧ ದರ, ಬೇಕೆಂದರೆ ಪೂರ್ಣ ದರ. ಅರ್ಧ ದರದ ಆಸೆಗೆ ಬಿದ್ದು ಹತ್ತು ವರ್ಷದ ಹುಡುಗನನ್ನು ಒಂದೇ ಬರ್ತಿನಲ್ಲಿ ಜೊತೆಗೆ ಮಲಗಿಸಿಕೊಂಡರೆ ಮರುದಿನ ಪಾರ್ಕಿನಲ್ಲಿ ಇಬ್ಬರೂ ತೂಕಡಿಸುತ್ತಾರೆ. ಈ ಒಂದು ಕಡೆ ಉಳಿತಾಯ ಬೇಡ. ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತುಹೋದರೂ ಅವರಿಗೆ ಕೆಳಗಿನ ಬರ್ತಿನ ಕೋಟಾ ಇದೆ.

ಪಾರ್ಕುಗಳಲ್ಲಿ ಮಕ್ಕಳ ಟಿಕೆಟ್ ಬಹಳ ಕಡೆ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. ವಂಡರ್‌ಲಾದಲ್ಲಿ 85 ಸೆಂಟಿಮೀಟರಿಗಿಂತ ಕುಳ್ಳಗಿರುವ ಮಗುವಿಗೆ ಪ್ರವೇಶ ಉಚಿತ, 140ರವರೆಗೆ ಮಕ್ಕಳ ದರ, ಅದಕ್ಕಿಂತ ಎತ್ತರವಿದ್ದರೆ ದೊಡ್ಡವರ ದರ. ಬುಕ್ ಮಾಡುವ ಮುನ್ನ ಮಗುವನ್ನು ಬರಿಗಾಲಿನಲ್ಲಿ ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ನೆತ್ತಿಯ ಮೇಲೆ ಪುಸ್ತಕವೊಂದನ್ನು ಅಡ್ಡಲಾಗಿ ಇಟ್ಟು ಪೆನ್ಸಿಲಿನಿಂದ ಗೆರೆ ಎಳೆದು, ಟೇಪಿನಲ್ಲಿ ಅಳೆಯಬೇಕು. ಗೆರೆ 138ರಲ್ಲಿದ್ದು ಪ್ರವಾಸಕ್ಕೆ ಇನ್ನೂ ಎರಡು ತಿಂಗಳಿದ್ದರೆ ದೊಡ್ಡವರ ದರವನ್ನೇ ಲೆಕ್ಕಕ್ಕೆ ಹಿಡಿಯುವುದು ಕ್ಷೇಮ. ಇದೇ ಅಳತೆಯನ್ನು ಪಾರ್ಕಿನ ರೈಡುಗಳ ಪಟ್ಟಿಯೊಂದಿಗೆ ಹೋಲಿಸಿ, ಮಗುವಿಗೆ ಯಾವ ಯಾವ ರೈಡಿನಲ್ಲಿ ಅವಕಾಶವಿಲ್ಲವೆಂಬುದನ್ನು ಮನೆಯಲ್ಲೇ ತಿಳಿಸಿದರೆ ಅಲ್ಲಿ ಹೋಗಿ ಅಳುವುದು ತಪ್ಪುತ್ತದೆ.

ದರ ಹೋಲಿಸುವಾಗ ತೆರಿಗೆ ಸೇರಿದ ಕೊನೆಯ ಮೊತ್ತವನ್ನು ನೋಡಬೇಕು. ಪಾರ್ಕಿನ ಸ್ವಂತ ಜಾಲತಾಣದಲ್ಲಿ ಮುಂಚಿತವಾಗಿ ಕೊಂಡವರಿಗೆ ರಿಯಾಯಿತಿ ಸಿಗುವುದುಂಟು. ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅವರ ಗುರುತಿನ ಚೀಟಿಯನ್ನೂ ಚೀಲಕ್ಕೆ ಹಾಕಿಕೊಳ್ಳಬೇಕು. ಸಾಲು ತಪ್ಪಿಸುವ ಫಾಸ್ಟ್ ಟ್ರ್ಯಾಕ್ ಪಾಸಿಗೆ ಹೆಚ್ಚು ಹಣ ಕೊಡುವುದು ವಾರದ ನಡುವಿನ ದಿನ ಹೋಗುವವರಿಗೆ ಅನವಶ್ಯಕ.

ಚೀಲದಲ್ಲಿ ಏನಿರಬೇಕು

ನೀರಿನ ರೈಡುಗಳಿಗೆ ಹತ್ತಿಯ ಬಟ್ಟೆ ನಡೆಯುವುದಿಲ್ಲ. ನೈಲಾನ್ ಅಥವಾ ಅಂಥದೇ ಈಜುಡುಗೆ ಬೇಕು. ಅದನ್ನು ಪಾರ್ಕಿನ ಅಂಗಡಿಯಲ್ಲಿ ಕೊಳ್ಳುವ ಬದಲು ಶಿವಮೊಗ್ಗದ ಗಾಂಧಿ ಬಜಾರಿನಲ್ಲೇ ಕೊಂಡರೆ ಕಡಿಮೆಗೆ ಸಿಗುತ್ತದೆ. ಫೋನಿಗೆ ನೀರು ತಾಗದ ಚೀಲ, ಟವೆಲ್, ಒದ್ದೆ ಬಟ್ಟೆ ತುಂಬಲು ಪ್ಲಾಸ್ಟಿಕ್ ಕವರ್ ಮರೆಯಬಾರದು.

ಹೊರಗಿನ ಊಟವನ್ನು ಪಾರ್ಕಿನೊಳಗೆ ಸಾಮಾನ್ಯವಾಗಿ ಬಿಡುವುದಿಲ್ಲ, ಆದ್ದರಿಂದ ಮಧ್ಯಾಹ್ನದ ಊಟ ಅಲ್ಲಿಯದೇ. ಟಿಕೆಟ್ಟಿನ ಜೊತೆ ಊಟ ಸೇರಿದ ಕೊಡುಗೆ ಇದ್ದರೆ ಅದನ್ನೂ ತೂಗಿ ನೋಡಬಹುದು. ರೈಲಿನ ಊಟ ಮಾತ್ರ ಮನೆಯದೇ ಇರಲಿ. ಕಾಯಿತುರಿ ಹಾಕದೆ, ಹುಣಸೆಹಣ್ಣಿನ ಗಟ್ಟಿ ರಸದಲ್ಲಿ ಕಲಸಿ, ಶೇಂಗಾ ಒಗ್ಗರಣೆ ಕೊಟ್ಟ ಗೊಜ್ಜವಲಕ್ಕಿ ಮರುದಿನದವರೆಗೂ ಕೆಡುವುದಿಲ್ಲ. ಚಪಾತಿ, ಚಟ್ನಿಪುಡಿ, ಒಂದು ಸಣ್ಣ ಡಬ್ಬಿ ಮಿಡಿ ಉಪ್ಪಿನಕಾಯಿ ಇದ್ದರೆ ಎರಡು ಹೊತ್ತು ಕಳೆಯುತ್ತದೆ. ಉಪ್ಪಿನಕಾಯಿಯ ಡಬ್ಬಿಯನ್ನು ಎರಡು ಕವರಿನಲ್ಲಿ ಸುತ್ತದಿದ್ದರೆ ಹೊಸ ಈಜುಡುಗೆಗೆ ಎಣ್ಣೆ ಹತ್ತುವುದು ಖಂಡಿತ.

ಪಾರ್ಕಿನ ಟಿಕೆಟ್ ಕೊಳ್ಳುವುದು ಹೋಗುವ, ಬರುವ ಎರಡೂ ರೈಲು ಟಿಕೆಟ್ ಖಚಿತವಾದ ಮೇಲೆ. ಆಗಲೂ ಹಣ ಕಟ್ಟುವ ಮುನ್ನ ದಿನಾಂಕ ಬದಲಿಸಲು ಅವಕಾಶವಿದೆಯೇ, ಎಷ್ಟು ದಿನ ಮೊದಲು ತಿಳಿಸಬೇಕು ಎಂಬ ನಿಯಮವನ್ನು ಓದಿ, ಆ ಪುಟದ ಚಿತ್ರವನ್ನು ಫೋನಿನಲ್ಲಿ ಉಳಿಸಿಕೊಳ್ಳಬೇಕು. ಘಟ್ಟದಲ್ಲಿ ಮರ ಬಿದ್ದು ಗಾಡಿ ತಪ್ಪಿದ ದಿನ ಪಾರ್ಕಿನವರಿಗೆ ಕರೆ ಮಾಡುವಾಗ ಅದು ಬೇಕಾಗುತ್ತದೆ.