ಯುರೋಪಿನ ಅರಣ್ಯ ನಿಯಮಕ್ಕೆ ಕೊಡಗಿನ ತೋಟ ಅಳೆದ ಬಗೆ

ಯುರೋಪ್ ಒಕ್ಕೂಟದ 2023/1115 ನಿಯಮದ ಪ್ರಕಾರ ಅಲ್ಲಿಗೆ ಹೋಗುವ ಕಾಫಿ ಬೆಳೆದ ಜಾಗದಲ್ಲಿ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದಿರಬಾರದು, ಬೆಳೆ ಇಲ್ಲಿನ ಕಾನೂನಿಗೆ ತಕ್ಕಂತಿರಬೇಕು, ಜಾಗ ಎಲ್ಲಿದೆಯೆಂದು ಅಕ್ಷಾಂಶ ರೇಖಾಂಶದಲ್ಲಿ ತೋರಿಸಬೇಕು. ಜಾರಿ ಎರಡು ಸಲ ಮುಂದೆ ಹೋಗಿ, ದೊಡ್ಡ ಕಂಪನಿಗಳಿಗೆ 2026ರ ಡಿಸೆಂಬರ್ 30ಕ್ಕೆ ನಿಂತಿದೆ. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಭಾರತ ಆಕ್ಷೇಪ ಎತ್ತಿದೆ, ನಿಜ. ಆದರೆ ಅಲ್ಲಿನ ಮೇಲ್ಮನವಿ ಪೀಠ 2019ರ ಡಿಸೆಂಬರ್‌ನಿಂದ ಬೇಕಾದಷ್ಟು ಸದಸ್ಯರಿಲ್ಲದೆ ಕೆಲಸ ನಿಲ್ಲಿಸಿದೆ. ಅದು ಸರಿಹೋಗಲೆಂದು ಕಾಯುವ ಬದಲು ನಾವು ತೋಟ ಅಳೆಯಲು ಹೊರಟೆವು.

4 ಹೆಕ್ಟೇರ್, ಅಂದರೆ 9.88 ಏಕರೆವರೆಗಿನ ತುಂಡಿಗೆ ಒಂದೇ ಬಿಂದು ಸಾಕು. ಅದಕ್ಕಿಂತ ದೊಡ್ಡದಾದರೆ ಸುತ್ತುಗಡಿ ಪೂರ್ತಿ ಬೇಕು. ದಶಮಾಂಶದ ನಂತರ ಆರು ಅಂಕಿ ಇರಲೇಬೇಕು. ಆರನೇ ಅಂಕಿ ಸುಮಾರು 11 ಸೆಂಟಿಮೀಟರ್‌ಗೆ ಸಮ. ನೆರಳುಮರದಡಿ ಮೊಬೈಲ್ ಜಿಪಿಎಸ್ ಎಷ್ಟೋ ಮೀಟರ್ ಆಚೀಚೆ ಓಡುತ್ತದೆ! ಅದಕ್ಕೇ ಮರಗಸಿ, ಅಂದರೆ ನೆರಳುಮರದ ಕೊಂಬೆ ಸವರುವ ಕೆಲಸ, ಮುಗಿದ ಮೇಲೆ, ಮಳೆ ಹಿಡಿಯುವ ಮೊದಲು ನಡೆದೆವು. ಪ್ರತಿ ಮೂಲೆಯಲ್ಲಿ ಎರಡು ನಿಮಿಷ ನಿಂತು ಗುರುತು ಹಾಕಿ, ಬಂದ ವಿಸ್ತೀರ್ಣವನ್ನು ಪಹಣಿಯೊಂದಿಗೆ ತಾಳೆ ನೋಡಿದೆವು. ನೂರಕ್ಕೆ ಐದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೊಮ್ಮೆ ಸುತ್ತು.

ಕಡತ ತಿರಸ್ಕೃತವಾಗುವುದು ಹೆಚ್ಚಾಗಿ ಸಣ್ಣ ತಪ್ಪಿಗೆ. ಜಾಗದ ಬಿಂದುಗಳನ್ನು ತುಂಬುವ ಜಿಯೋಜೇಸನ್ ಕಡತದಲ್ಲಿ ಮೊದಲು ರೇಖಾಂಶ, ಆಮೇಲೆ ಅಕ್ಷಾಂಶ. 75.7, 12.4 ಎಂಬುದನ್ನು ಅದಲುಬದಲು ಮಾಡಿದರೆ ತೋಟ ನಾರ್ವೆಯ ಉತ್ತರದ ಸಮುದ್ರಕ್ಕೆ ಬೀಳುತ್ತದೆ. ಸುತ್ತುಗಡಿಯ ಕೊನೆಯ ಬಿಂದು ಮೊದಲಿನದೇ ಆಗಿರಬೇಕು.

ನಿಜವಾದ ತಲೆನೋವು ನೆರಳು. ಉಪಗ್ರಹಕ್ಕೆ ನಮ್ಮ ತೋಟ ಕಾಡಿನಂತೆಯೇ ಕಾಣುತ್ತದೆ. ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಮರ ಕಡಿದರೆ ಅರಣ್ಯನಾಶವೆಂದು ಗುರುತಾಗಬಹುದು. ಮರಗಳ ನಡುವಿನ ಕೃಷಿಯನ್ನು ನಿಯಮವೇ ಅರಣ್ಯದ ಲೆಕ್ಕದಿಂದ ಹೊರಗಿಟ್ಟಿದೆ, ಆದರೆ ಸಾಬೀತು ನಮ್ಮ ಕಡೆಯಿಂದಲೇ ಬರಬೇಕು. ಬೆಳೆಯ ಕಾಲಂನಲ್ಲಿ ಕಾಫಿ ಎಂದಿರುವ 2020ಕ್ಕಿಂತ ಹಿಂದಿನ ಪಹಣಿ, ಹಳೆಯ ಉಪಗ್ರಹ ಚಿತ್ರ, ಮರ ಕಡಿಯಲು ಪಡೆದ ಅನುಮತಿ ಒಟ್ಟಿಗಿರಲಿ. ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆ ಜಮೀನಾದರೆ ಪಹಣಿಯಲ್ಲಿ ಅಜ್ಜನ ಕಾಲದ ಪಟ್ಟೇದಾರರ, ಅಂದರೆ ಕುಟುಂಬದ ಹಿರಿಯರ, ಹೆಸರಿರುತ್ತದೆ, ಮಾರುವವರು ಬೇರೆ. ವಂಶವೃಕ್ಷ ಲಗತ್ತಿಸದೆ ಹೊರಗಿನವರಿಗೆ ಇದು ಅರ್ಥವಾಗುವುದಿಲ್ಲ.

ಚೀಲದ ಮೇಲೆ ಸರ್ವೆ ನಂಬರ್ ಬರೆದೇ ಕಾಫಿಯ ಸಿಪ್ಪೆ ತೆಗೆದು ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ ಕಳಿಸುತ್ತೇವೆ. ಮೂಲ ಗೊತ್ತಿಲ್ಲದ ಒಂದೇ ಚೀಲ ಚೆರ್ರಿ (ಸಿಪ್ಪೆಯೊಂದಿಗೆ ಒಣಗಿಸಿದ ಕಾಫಿ ಹಣ್ಣು) ಬೆರೆತರೂ ಆ ಇಡೀ ಲಾಟ್ ಯುರೋಪಿಗೆ ಹೋಗುವಂತಿಲ್ಲ.