ಅಮೆರಿಕದ ಡೆಂಟಲ್ ಇನ್ಶೂರೆನ್ಸ್: ವೇಟಿಂಗ್ ಪೀರಿಯಡ್‌ನಲ್ಲಿ ಹೊಸಬರು ಎಡವುವ ಜಾಗಗಳು

ನಮ್ಮ ಕಡೆ ಹಲ್ಲಿನ ಡಾಕ್ಟರ ಹತ್ತಿರ ಹೋಗುವುದು ಹಲ್ಲು ನೋಯತೊಡಗಿದ ಮೇಲೆ. ಅದೂ ಲವಂಗ ಇಟ್ಟು, ಉಪ್ಪುನೀರು ಮುಕ್ಕಳಿಸಿ, ಎರಡು ರಾತ್ರಿ ನಿದ್ದೆಗೆಟ್ಟ ನಂತರ. ಇಲ್ಲಿನ ವೇಟಿಂಗ್ ಪೀರಿಯಡ್, ಅಂದರೆ ಪಾಲಿಸಿ ಕೊಂಡ ಮೇಲೂ ಇಂತಿಷ್ಟು ತಿಂಗಳು ಹಣ ಸಿಗದ ಅವಧಿ, ಇರುವುದೇ ಇಂಥವರಿಗಾಗಿ: ನೋವು ಬಂದ ದಿನ ಪಾಲಿಸಿ ತೆಗೆದು, ಕ್ಯಾಪ್ ಹಾಕಿಸಿಕೊಂಡು, ಮುಂದಿನ ತಿಂಗಳು ಬಿಟ್ಟುಬಿಡುವವರನ್ನು ತಡೆಯಲು.

ಆಫೀಸಿನ ಗ್ರೂಪ್ ಪಾಲಿಸಿ ಇದ್ದರೆ ಬಹಳಷ್ಟು ಕಡೆ ಕಾಯುವ ಗೋಜಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಗ್ರೂಪ್ ಪಾಲಿಸಿಗಳಿಗೆ 2025ರ ಜನವರಿಯಿಂದ ಹೀಗೆ ಕಾಯಿಸುವುದನ್ನು ಕಾನೂನೇ ನಿಷೇಧಿಸಿದೆ. ಕೆಲಸಕ್ಕೆ ಸೇರಿದ ಮೇಲೆ ಸಾಮಾನ್ಯವಾಗಿ 30 ದಿನದೊಳಗೆ ಫಾರ್ಮ್ ತುಂಬಬೇಕು. ಅಲ್ಲಿ ಡೆಂಟಲ್ ಎಂಬ ಬಾಕ್ಸ್ ಮೆಡಿಕಲ್‌ನಿಂದ ಬೇರೆಯೇ ಇರುತ್ತದೆ, ಟಿಕ್ ಮಾಡಿ. ತಿಂಗಳಿಗೆ ಉಳಿಯುವ ಅಷ್ಟಿಷ್ಟು ಡಾಲರ್‌ಗಾಗಿ ಅದನ್ನು ಬಿಟ್ಟವರು, ವರ್ಷಕ್ಕೊಮ್ಮೆ ಸೇರ್ಪಡೆಗೆ ಬಾಗಿಲು ತೆರೆಯುವ ಮುಂದಿನ ಓಪನ್ ಎನ್‌ರೋಲ್‌ಮೆಂಟ್ ತನಕ ಹಲ್ಲು ಕಚ್ಚಿಕೊಂಡಿರಬೇಕು. ತಡವಾಗಿ ಸೇರಿದವರಿಗೆಂದೇ ಪ್ರತ್ಯೇಕ ಕಾಯುವ ಅವಧಿ ಇಟ್ಟಿರುವ ಪಾಲಿಸಿಗಳೂ ಇವೆ.

ಸ್ವಂತಕ್ಕೆ ಕೊಂಡ ಪಾಲಿಸಿಯಲ್ಲಿ ಲೆಕ್ಕ ಬೇರೆ. ಕ್ಲೀನಿಂಗ್, ತಪಾಸಣೆ, ಎಕ್ಸ್‌ರೇಗೆ ಸಾಮಾನ್ಯವಾಗಿ ಮೊದಲ ದಿನದಿಂದಲೇ ಕವರೇಜ್. ಹುಳುಕು ತುಂಬಿಸುವುದು, ಹಲ್ಲು ಕೀಳಿಸುವುದು ಬೇಸಿಕ್ ವರ್ಗ. ಮೂರರಿಂದ ಆರು ತಿಂಗಳು ಕಾಯಬೇಕು. ಕ್ಯಾಪ್, ಬ್ರಿಡ್ಜ್, ಕಟ್ಟುಹಲ್ಲು ಮೇಜರ್ ವರ್ಗ. ಆರರಿಂದ ಹನ್ನೆರಡು ತಿಂಗಳು, ಕೆಲವದರಲ್ಲಿ ಅದಕ್ಕೂ ಹೆಚ್ಚು. ಕಾದ ಮೇಲೂ ಮೇಜರ್‌ಗೆ ಸಿಗುವುದು ಹೆಚ್ಚಾಗಿ ಅರ್ಧ ಹಣ, ಅದೂ ವರ್ಷಕ್ಕೆ 1,000ದಿಂದ 2,000 ಡಾಲರ್ ಮಿತಿಯೊಳಗೆ.

ವರ್ಷಗಟ್ಟಲೆ ಕ್ಲೀನಿಂಗ್ ಮಾಡಿಸದೆ ಬಂದವರಿಗೆ ಮೊದಲ ಏಟು ಬೀಳುವುದು ಕ್ಲೀನಿಂಗ್‌ನಲ್ಲೇ. 'ಅದಕ್ಕೆ ವೇಟಿಂಗ್ ಇಲ್ಲವಲ್ಲ' ಎಂದುಕೊಂಡು ಕುರ್ಚಿಯಲ್ಲಿ ಕೂತರೆ, 'ನಿಮಗೆ ಡೀಪ್ ಕ್ಲೀನಿಂಗ್ ಬೇಕು' ಎನ್ನುತ್ತಾರೆ. ಅಂದರೆ ವಸಡಿನ ಕೆಳಗಿನ ತನಕ ಕೆರೆದು ಶುಚಿ ಮಾಡುವುದು. ಬಿಲ್ಲಿನಲ್ಲಿ ಅದರ ಕೋಡ್ ಡಿ4341. ಬಾಯಿಯ ನಾಲ್ಕು ಭಾಗಕ್ಕೆ ನಾಲ್ಕು ಬಿಲ್, ವರ್ಗ ಬೇಸಿಕ್ ಅಥವಾ ಮೇಜರ್, ಅಂದರೆ ವೇಟಿಂಗ್ ಉಂಟು. ತಲೆಯಾಡಿಸುವ ಮೊದಲು ವಸಡಿನ ಅಳತೆ ಬರೆದ ಪೆರಿಯೋ ಚಾರ್ಟ್ ತೋರಿಸಲು ಹೇಳಿ. ವಸಡು-ಹಲ್ಲಿನ ನಡುವಿನ ಸಂದಿಯ ಆಳ 4 ಮಿಲಿಮೀಟರ್ ಅಥವಾ ಹೆಚ್ಚು, ಜೊತೆಗೆ ಎಕ್ಸ್‌ರೇಯಲ್ಲಿ ಮೂಳೆ ಸವೆದಿರುವುದು, ಇವೆರಡನ್ನೂ ಇನ್ಶೂರೆನ್ಸ್‌ನವರೇ ಕೇಳುತ್ತಾರೆ. ನೀವೂ ಕೇಳಿದರೆ ತಪ್ಪಿಲ್ಲ.

ಎರಡನೆಯದು ರೂಟ್ ಕೆನಾಲ್. ಕೆಲವು ಪಾಲಿಸಿಯಲ್ಲಿ ಅದು ಬೇಸಿಕ್, ಕೆಲವದರಲ್ಲಿ ಮೇಜರ್. ಬೇಸಿಕ್ ಆಗಿದ್ದು, ಬೇಸಿಕ್‌ಗೆ ಆರು, ಮೇಜರ್‌ಗೆ ಹನ್ನೆರಡು ತಿಂಗಳ ವೇಟಿಂಗ್ ಇದ್ದರೆ, ಏಳನೇ ತಿಂಗಳಲ್ಲಿ ರೂಟ್ ಕೆನಾಲ್‌ಗೆ ಹಣ ಬರುತ್ತದೆ, ಅದೇ ಹಲ್ಲಿನ ಕ್ಯಾಪ್‌ಗೆ ಹದಿಮೂರನೇ ತಿಂಗಳ ತನಕ ಬರುವುದಿಲ್ಲ. ಆರು ತಿಂಗಳು ತಾತ್ಕಾಲಿಕ ಸಿಮೆಂಟ್‌ನಲ್ಲೇ ತಳ್ಳೋಣ ಎಂದು ಲೆಕ್ಕ ಹಾಕುವವರಿದ್ದಾರೆ. ಬೇಡ. ಒಳಗೆ ಟೊಳ್ಳಾದ ದವಡೆ ಹಲ್ಲು ಒಂದು ಚಕ್ಕುಲಿಗೆ ಉದ್ದಕ್ಕೆ ಸೀಳಿದರೆ ಕೀಳಿಸುವುದೇ ಗತಿ, ಆಮೇಲಿನ ಇಂಪ್ಲಾಂಟ್ ಖರ್ಚಿನ ಮುಂದೆ ಕ್ಯಾಪ್‌ನ ಪೂರ್ತಿ ಬೆಲೆಯೂ ಸಣ್ಣದು.

ತಾರೀಖಿನ ವಿಷಯವೂ ಇದೆ. ಕ್ಯಾಪ್‌ಗೆ ಸಾಮಾನ್ಯವಾಗಿ ಎರಡು ಭೇಟಿ: ಹಲ್ಲು ತಿದ್ದಿ ಅಳತೆ ತೆಗೆಯುವುದು, ಎರಡು ಮೂರು ವಾರದ ನಂತರ ಕೂರಿಸುವುದು. ಅವಧಿ ಜೂನ್ 1ಕ್ಕೆ ಮುಗಿಯುತ್ತದೆ ಎನ್ನಿ. ಮೇ 25ಕ್ಕೆ ಅಳತೆ, ಜೂನ್ 10ಕ್ಕೆ ಕೂರಿಸಿದರೆ, ಕೂರಿಸಿದ ದಿನ ಹಿಡಿಯುವ ಕಂಪನಿ ಕೊಡುತ್ತದೆ, ತಿದ್ದಿದ ದಿನ ಹಿಡಿಯುವ ಕಂಪನಿ ಕೊಡುವುದಿಲ್ಲ. ಮೊದಲೇ ಫೋನ್ ಮಾಡಿ 'ಪ್ರೆಪ್ ಡೇಟೋ, ಸೀಟ್ ಡೇಟೋ' ಎಂದು ಕೇಳಿ. ಡಾಕ್ಟರ ಕಚೇರಿಯಿಂದ ಕೋಡ್ ಸಮೇತ ಪ್ರೀ-ಡಿಟರ್ಮಿನೇಷನ್, ಅಂದರೆ ಎಷ್ಟು ಹಣ ಕೊಡುತ್ತೀರಿ ಎಂದು ಕಂಪನಿಯನ್ನು ಮುಂಚೆಯೇ ಕೇಳುವ ಅರ್ಜಿ, ಕಳಿಸಿ, ಉತ್ತರ ಬರಹದಲ್ಲಿ ತರಿಸಿಕೊಳ್ಳಿ.

ಕೆಲಸ ಬದಲಿಸುವವರು ಹಳೆಯ ಪಾಲಿಸಿಯ ಆರಂಭ-ಅಂತ್ಯದ ದಿನ ನಮೂದಿಸಿದ ಪತ್ರ ತೆಗೆದಿಟ್ಟುಕೊಳ್ಳಿ. ಹನ್ನೆರಡು ತಿಂಗಳು ಬಿಡದೆ ಇದ್ದ, ಅದೇ ಮಟ್ಟದ ಕವರೇಜ್ ತೋರಿಸಿದರೆ ಹಲವು ಕಂಪನಿಗಳು ವೇಟಿಂಗ್ ಮನ್ನಾ ಮಾಡುತ್ತವೆ. ನಡುವೆ ಒಂದೆರಡು ತಿಂಗಳಿಗಿಂತ ಹೆಚ್ಚು ಖಾಲಿ ಬಿದ್ದರೆ ಲೆಕ್ಕ ಮತ್ತೆ ಸೊನ್ನೆಯಿಂದ.

ಹಲವು ಪಾಲಿಸಿಗಳಲ್ಲಿ ಎಷ್ಟು ಕಾದರೂ ಬಗೆಹರಿಯದ್ದು ಮಿಸ್ಸಿಂಗ್ ಟೂತ್ ಕ್ಲಾಜ್. ಪಾಲಿಸಿಗೆ ಮುಂಚೆಯೇ ಊರಲ್ಲಿ ಕೀಳಿಸಿದ ಹಲ್ಲಿನ ಜಾಗಕ್ಕೆ ಬ್ರಿಡ್ಜ್, ಇಂಪ್ಲಾಂಟ್ ಏನೂ ಇಲ್ಲ ಎನ್ನುವ ಷರತ್ತು ಅದು. ಊರಿಗೆ ಹೋದಾಗಲೇ ಮುಗಿಸುವುದಾದರೆ ಮೊದಲ ವಾರವೇ ಶುರುಮಾಡಿ. ರಜೆಯ ಕೊನೆಯ ವಾರದಲ್ಲಿ ಕೂರಿಸಿದ ಕ್ಯಾಪ್ ಎತ್ತರವಾದರೆ ಉಜ್ಜಿಕೊಡಲು ಆ ಡಾಕ್ಟರು ಇಲ್ಲಿರುವುದಿಲ್ಲ. 'ದುಡ್ಡು ಆಮೇಲೆ ಕೊಡಿ, ಮೊದಲು ಬಾಯಿ ತೆಗೀರಿ' ಎನ್ನುವ ಡಾಕ್ಟರೂ ಇಲ್ಲಿ ಸಿಗುವುದಿಲ್ಲ ಬಿಡಿ. ಇಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಆ ಸಲಿಗೆ ಗೊತ್ತಿಲ್ಲ. ಹಾಗೆಯೇ ಹಲ್ಲಿನ ಕುರ್ಚಿಯ ಹೆದರಿಕೆಯೂ ಗೊತ್ತಿಲ್ಲ, ಆರು ತಿಂಗಳಿಗೊಮ್ಮೆ ನಗುತ್ತ ಹೋಗಿ ಬರುತ್ತಾರೆ.

ಆ ಮಕ್ಕಳ ಹಲ್ಲಿನ ಕ್ಲಿಪ್‌ಗೆ ಹೆಚ್ಚಾಗಿ ಹನ್ನೆರಡು ತಿಂಗಳ ವೇಟಿಂಗ್, ಜೀವಮಾನಕ್ಕೆ ಒಂದೇ ಮಿತಿ. ಬೆಂಗಳೂರಲ್ಲೇ ತಂತಿ ಹಾಕಿಸಿ ಕರೆತಂದರೆ, ಚಿಕಿತ್ಸೆ ಮೊದಲೇ ಶುರುವಾಗಿದೆ ಎಂದು ಕೈಬಿಡುವ ಪಾಲಿಸಿಗಳೂ ಇವೆ.

ತುರ್ತು ಖರ್ಚಿಗೆ, ಸಂಬಳದಿಂದ ತೆರಿಗೆಗೆ ಮುಂಚೆಯೇ ಚಿಕಿತ್ಸೆಗೆಂದು ಎತ್ತಿಡುವ ಖಾತೆಯಾದ ಆಫೀಸಿನ ಎಫ್‌ಎಸ್‌ಎ ನೋಡಿ: ಅದಕ್ಕೆ ಹಲ್ಲಿನ ವೇಟಿಂಗ್ ಇಲ್ಲ, ವರ್ಷಕ್ಕೆ ಬರೆಸಿದ ಪೂರ್ತಿ ಮೊತ್ತ ಪ್ಲಾನ್ ಶುರುವಾದ ದಿನವೇ ಬಳಕೆಗೆ ಸಿಗುತ್ತದೆ. 2025ರಲ್ಲಿ ಮಿತಿ 3,300 ಡಾಲರ್ ಇತ್ತು. ವರ್ಷದೊಳಗೆ ಖರ್ಚಾಗದ ಹಣ ಬಹುಪಾಲು ಹೋದಂತೆಯೇ, ಆದ್ದರಿಂದ ಡಾಕ್ಟರ ಅಂದಾಜು ಕೈಗೆ ಬಂದ ಮೇಲೇ ಮೊತ್ತ ಬರೆಸಿ.