ಧರ್ಮಕೇಂದ್ರದ ಚರಿತ್ರೆ ಬರೆಯಲು ಹೊರಟವರಿಗೆ

ಮೈಸೂರು, ಮಂಡ್ಯ ಸೀಮೆಯ ಕಥೋಲಿಕ ಧರ್ಮಕೇಂದ್ರಗಳಲ್ಲಿ (ಪ್ಯಾರಿಷ್‌ಗಳಲ್ಲಿ) ಸುವರ್ಣ ಮಹೋತ್ಸವವೋ ಶತಮಾನೋತ್ಸವವೋ ಹತ್ತಿರ ಬಂದಾಗ ಸ್ಮರಣ ಸಂಚಿಕೆಯ ಹೊಣೆ ಯಾರಾದರೊಬ್ಬರ ಹೆಗಲಿಗೆ ಬೀಳುತ್ತದೆ. ಸೇವೆ ಸಲ್ಲಿಸಿದ ವಿಚಾರಣಾ ಗುರುಗಳ, ಅಂದರೆ ಧರ್ಮಕೇಂದ್ರದ ಹೊಣೆ ಹೊತ್ತ ಪಾದ್ರಿಗಳ ಪಟ್ಟಿ, ಕಟ್ಟಡದ ಚಿತ್ರ, ದಾನಿಗಳ ಹೆಸರು, ಇಷ್ಟರಲ್ಲೇ ಬಹುಪಾಲು ಸಂಚಿಕೆಗಳು ಮುಗಿದುಹೋಗುತ್ತವೆ. ಇವೆಲ್ಲ ಬೇಕಾದವೇ. ಆದರೆ ಗುರುಗಳು ಕೆಲವು ವರ್ಷಗಳಲ್ಲಿ ವರ್ಗವಾಗಿ ಹೋಗುತ್ತಾರೆ, ಮನೆತನಗಳು ಉಳಿಯುತ್ತವೆ. ಆದ್ದರಿಂದ ಚರಿತ್ರೆಯನ್ನು ಉಳಿದವರ ಕಡೆಯಿಂದ ಬರೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಕೆಲಸಕ್ಕೆ ಕೈ ಹಾಕುವ ಮೊದಲು ಭಕ್ತಸಮುದಾಯ ಎಂದಿನಿಂದ ಇದೆ, ಕಟ್ಟಡ ಎಂದು ಎದ್ದಿತು, ಧರ್ಮಕೇಂದ್ರವೆಂಬ ಮಾನ್ಯತೆ ಎಂದು ದೊರೆಯಿತು ಎಂಬ ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಬರೆದಿಟ್ಟುಕೊಳ್ಳಿ. ಮೈಸೂರಿನ ಸಂತ ಫಿಲೋಮಿನಾ ಪ್ರಧಾನಾಲಯವನ್ನೇ (ಕೆಥೆಡ್ರಲ್) ನೋಡಿ. ಅಲ್ಲಿ 1843ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲೇ ಒಂದು ದೇವಾಲಯವಿತ್ತು. ಈಗಿನ ಕಟ್ಟಡಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಇಟ್ಟದ್ದು 1933ರ ಅಕ್ಟೋಬರ್ 28ರಂದು. ಅಲ್ಲಿಯವರೆಗೆ ಬೆಂಗಳೂರಿನಿಂದ ನಡೆಯುತ್ತಿದ್ದ ಧರ್ಮಕ್ಷೇತ್ರವು (ಬಿಷಪರ ಆಡಳಿತದ ಸೀಮೆ) ಇಬ್ಭಾಗವಾಗಿ ಮೈಸೂರು ತನ್ನದೇ ಬಿಷಪರ ಪೀಠವಾದದ್ದು 1940ರಲ್ಲಿ. ಇವೆಲ್ಲಕ್ಕೂ ಹಿಂದೆ, ಹದಿನೇಳನೆಯ ಶತಮಾನದ ನಡುವಿನಲ್ಲೇ, ಇಟಲಿಯ ಜೆಸ್ವಿಟ್ ಗುರು ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದಿದ್ದರು. 1799ರಲ್ಲಿ ಟಿಪ್ಪುವಿನ ಪತನದ ನಂತರ ಚದುರಿದ್ದ ಕ್ರೈಸ್ತರನ್ನು ಒಗ್ಗೂಡಿಸಿದವರು ಫ್ರಾನ್ಸಿನ ಅಬ್ಬೆ ದುಬ್ವಾ. ಗಂಜಾಂನ ದೇವಾಲಯವನ್ನು ಜನ ಇಂದಿಗೂ ಅವರ ಹೆಸರಿನೊಂದಿಗೆ ನೆನೆಯುತ್ತಾರೆ. ಒಂದು ಸೀಮೆಗೆ ಇಷ್ಟೊಂದು ಆರಂಭಗಳಿರುವಾಗ ಬಾಗಿಲ ಮೇಲಿನ ಕಲ್ಲಿನ ಇಸವಿಯನ್ನೇ ಸಮುದಾಯದ ಹುಟ್ಟಿನ ವರ್ಷವೆಂದು ಅಚ್ಚು ಹಾಕಿಸುವುದು ತಪ್ಪಾಗುತ್ತದೆ.

ನಿಜವಾದ ಸಂಪತ್ತು ಇರುವುದು ಗುರುಮನೆಯ ಬೀರುವಿನಲ್ಲಿ. ದೀಕ್ಷಾಸ್ನಾನ (ಬ್ಯಾಪ್ಟಿಸಮ್), ಮದುವೆ, ಮರಣ ಈ ಮೂರಕ್ಕೂ ದಾಖಲೆ ಪುಸ್ತಕ ಇಡಬೇಕೆಂಬುದು ಧರ್ಮಸಭೆಯ ಕಾನೂನು. ದೀಕ್ಷಾಸ್ನಾನದ ನಮೂದಿನ ಪಕ್ಕದಲ್ಲೇ ಮುಂದೆ ಆ ವ್ಯಕ್ತಿಯ ದೃಢೀಕರಣ (ವಿಶ್ವಾಸವನ್ನು ದೃಢಪಡಿಸುವ ಸಂಸ್ಕಾರ), ಮದುವೆ ಅಥವಾ ಗುರುದೀಕ್ಷೆಯನ್ನೂ ಬರೆದಿಡುವುದರಿಂದ ಒಂದು ಸಾಲಿನಲ್ಲಿ ಒಂದು ಜೀವನದ ಗೆರೆಯೇ ಸಿಗುತ್ತದೆ. ವಿಚಾರಣಾ ಗುರುಗಳಿಗೆ ಲಿಖಿತವಾಗಿ ಮನವಿ ಸಲ್ಲಿಸಿ, ಅವರ ಕಚೇರಿಯಲ್ಲೇ ಕುಳಿತು, ಪೆನ್ನನ್ನು ದೂರವಿಟ್ಟು ಪೆನ್ಸಿಲ್ಲಿನಿಂದ ಬರೆದುಕೊಳ್ಳಿ. ಶಾಯಿ ತಿಂದು ಪುಡಿಯಾಗುತ್ತಿರುವ ಹಾಳೆಗಳನ್ನು ಬೆರಳು ಒದ್ದೆ ಮಾಡಿಕೊಂಡು ತಿರುವಬಾರದು.

ಹಳೆಯ ಪುಸ್ತಕಗಳನ್ನು ಪ್ಯಾರಿಸ್ ವಿದೇಶಿ ಮಿಷನ್ ಸಂಘದ ಗುರುಗಳು ಲ್ಯಾಟಿನ್ನಿನಲ್ಲಿ ಬರೆದಿರುತ್ತಾರೆ. ಹೆದರಬೇಕಿಲ್ಲ, ಹತ್ತು ಹದಿನೈದು ಪದ ತಿಳಿದರೆ ಸಾಕು. ಫಿಲಿಯುಸ್ ಎಂದರೆ ಮಗ, ಫಿಲಿಯ ಎಂದರೆ ಮಗಳು, ಪಾತ್ರಿನುಸ್ ಮತ್ತು ಮಾತ್ರಿನ ಎಂದರೆ ದೀಕ್ಷಾಸ್ನಾನದಲ್ಲಿ ಮಗುವಿನ ಹೊಣೆ ಹೊರುವ ಧರ್ಮಪಿತ, ಧರ್ಮಮಾತೆ. ತೊಡಕು ಇರುವುದು ಹೆಸರುಗಳಲ್ಲಿ. ಪುಸ್ತಕದಲ್ಲಿ ಪೇತ್ರುಸ್ ಎಂದು ಬರೆಸಿಕೊಂಡವರು ಮನೆಯಲ್ಲಿ ರಾಯಪ್ಪ, ಪಾವ್ಲುಸ್ ಎಂದರೆ ಚಿನ್ನಪ್ಪ, ಯೊವಾನ್ನೆಸ್ ಅರುಳಪ್ಪ, ಇಗ್ನಾತಿಯುಸ್ ಇನ್ನಾಸಪ್ಪ, ಕ್ಸವೇರಿಯುಸ್ ಚೌರಪ್ಪ. ಈ ನಂಟು ಗೊತ್ತಿಲ್ಲದಿದ್ದರೆ ಒಬ್ಬರೇ ಇಬ್ಬರಾಗಿ ಬಿಡುತ್ತಾರೆ. ತಿಂಗಳುಗಳ ವಿಷಯದಲ್ಲಂತೂ ಇನ್ನಷ್ಟು ಎಚ್ಚರ ಬೇಕು. 7ಬ್ರಿಸ್ ಎಂದು ಕಂಡದ್ದನ್ನು ಜುಲೈ ಎಂದೇ ನಾನೊಮ್ಮೆ ನಕಲು ಮಾಡಿಕೊಂಡಿದ್ದೆ. ಆಗಸ್ಟ್ ಕೊನೆಯಲ್ಲಿ ಹುಟ್ಟಿದ ಮಗುವಿಗೆ ಜುಲೈನಲ್ಲೇ ದೀಕ್ಷಾಸ್ನಾನವಾದಂತೆ ಕಂಡಾಗ ತಪ್ಪು ಅರಿವಾಯಿತು. ಸೆಪ್ಟೆಮ್ ಎಂದರೆ ಏಳು, ಆದ್ದರಿಂದ 7ಬ್ರಿಸ್ ಸೆಪ್ಟೆಂಬರ್. ಹಾಗೆಯೇ 8, 9 ಮತ್ತು 10 ಕ್ರಮವಾಗಿ ಅಕ್ಟೋಬರ್, ನವೆಂಬರ್, ಡಿಸೆಂಬರ್.

ಮರಣದ ಪುಸ್ತಕವನ್ನು ವರ್ಷವಾರು ಎಣಿಸಿ ನೋಡಿ. 1876–78ರ ಮಹಾಕ್ಷಾಮ, 1898ರಿಂದಾಚೆಗಿನ ಪ್ಲೇಗು, 1918ರ ಇನ್‌ಫ್ಲುಯೆಂಜಾ ನಿಮ್ಮ ಊರಿನ ಮನೆಗಳನ್ನು ಮುಟ್ಟಿದ್ದವೋ ಇಲ್ಲವೋ ಎಂಬುದಕ್ಕೆ ಅಲ್ಲಿಯೇ ಉತ್ತರವಿದೆ. ಮಂಡ್ಯ ಕಡೆಯವರು ಮದುವೆ ಪುಸ್ತಕದಲ್ಲಿ ವಧೂವರರ ಹುಟ್ಟೂರುಗಳನ್ನೂ ಗಮನಿಸಬೇಕು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕೆಲಸಕ್ಕೆ, 1930ರ ದಶಕದ ಸಕ್ಕರೆ ಕಾರ್ಖಾನೆಗೆ ದುಡಿಯಲು ಬಂದವರಲ್ಲಿ ಎಷ್ಟು ಮಂದಿ ನಿಮ್ಮ ಧರ್ಮಕೇಂದ್ರದಲ್ಲೇ ನೆಲೆ ನಿಂತರೆಂಬುದನ್ನು ಅದರಿಂದ ಹುಡುಕಬಹುದು.

ದಾಖಲೆ ಪುಸ್ತಕಗಳನ್ನು ನೋಡಿ ಮುಗಿಸಿದ ಮೇಲೆ ಹಿರಿಯರ ಬಳಿಗೆ ಹೋಗಿ. "ಚರ್ಚು ಯಾವಾಗ ಕಟ್ಟಿದರು?" ಎಂದು ಕೇಳಿದರೆ "ಬಹಳ ಹಿಂದೆ" ಎಂಬುದಷ್ಟೇ ಉತ್ತರ. ಇಸವಿ ಕೇಳದೆ, ಕಂಡದ್ದನ್ನು ಕೇಳಬೇಕು. ಮಂಡ್ಯದ ಹಳ್ಳಿಯೊಂದರಲ್ಲಿ ಒಬ್ಬ ಅಜ್ಜಿಯನ್ನು, "ನಿಮಗೆ ಮೊದಲ ಸಲ ಪರಮಪ್ರಸಾದ ಕೊಟ್ಟ ದಿನ ಏನು ಕಂಡಿರಿ ಅಜ್ಜಿ?" ಎಂದು ಕೇಳಿದೆ. "ಸ್ವಾಮ್ಯಾರ ಮುಖ ಎಲ್ಲಿ ಕಾಣ್ತಿತ್ತಪ್ಪ, ನಮಗೆ ಬೆನ್ನು ಮಾಡಿ ಪೂಜೆ ಮಾಡೋರು, ಮಾತೂ ತಿಳೀತಿರ್ನಿಲ್ಲ" ಎಂದರು. 1962–65ರ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರವೇ ಪೂಜೆ ಲ್ಯಾಟಿನ್ನಿನಿಂದ ಕನ್ನಡಕ್ಕೆ ಬಂದದ್ದು, ಗುರುಗಳು ಜನರತ್ತ ತಿರುಗಿದ್ದು. ಅಜ್ಜಿಯ ಆ ಒಂದು ಮಾತಿನಿಂದ ನೆನಪಿನ ಕಾಲ ಗೊತ್ತಾಯಿತು. ಉಪದೇಶಿಗಳ ಮನೆಯವರನ್ನು ತಪ್ಪದೆ ಕಾಣಿ. ಗುರುಗಳು ಇಲ್ಲದ ವಾರಗಳಲ್ಲಿ ಜಪ ಹೇಳಿಸಿ, ಮಕ್ಕಳಿಗೆ ಧರ್ಮೋಪದೇಶ ಕಲಿಸಿ ಊರನ್ನು ಹಿಡಿದಿಟ್ಟವರು ಅವರು, ಮತ್ತು ಯಾವ ಫಲಕದಲ್ಲೂ ಅವರ ಹೆಸರಿರುವುದು ಅಪರೂಪ.

ಪಾಲಕ ಸಂತರ ಹಬ್ಬದ ತೇರು ಯಾವ ಬೀದಿಗಳಲ್ಲಿ ಹೋಗುತ್ತದೆ, ಅಲಂಕಾರ ಯಾರ ಮನೆಯ ಹಕ್ಕು, ಅನ್ಯಧರ್ಮೀಯರು ಏನು ಸಲ್ಲಿಸುತ್ತಾರೆ ಎಂಬುದನ್ನೂ ಬರೆಯಿರಿ. ಕೆ.ಆರ್.ನಗರ ತಾಲ್ಲೂಕಿನ ಡೋರ್ನಹಳ್ಳಿಯ ಸಂತ ಅಂತೋಣಿಯವರ ಸನ್ನಿಧಿಗೆ ಎಲ್ಲ ಧರ್ಮದವರೂ ಹರಕೆ ಹೊತ್ತು ಬರುವುದನ್ನು ಕಂಡವರಿಗೆ ಇದರ ಮಹತ್ವ ತಿಳಿದಿರುತ್ತದೆ. ಸಮಾಧಿ ಭೂಮಿಯ ಕಲ್ಲುಗಳನ್ನು ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಓದಿ. ಸವೆದ ಅಕ್ಷರ ಆಗ ಎದ್ದು ಕಾಣುತ್ತದೆ.

ನೋವಿನ ಸಂಗತಿಗಳನ್ನು ಮುಚ್ಚಿಡಬಾರದು. ಕೂರುವ ಜಾಗದಲ್ಲೋ ಹೂಳುವ ಸಾಲಿನಲ್ಲೋ ಜಾತಿಯ ಗೆರೆ ಇತ್ತೆಂದು ಹಿರಿಯರು ಹೇಳಿದರೆ, ಪೂಜೆ ತಮಿಳಿನಲ್ಲೋ ಕನ್ನಡದಲ್ಲೋ ಎಂಬ ಮನಸ್ತಾಪ ನಡೆದಿದ್ದರೆ, ಎರಡೂ ಕಡೆಯವರನ್ನು ಕೇಳಿ ಹೆಸರು ಎತ್ತದೆ ಬರೆಯಿರಿ. ಆದರೆ ತಂದೆಯ ಹೆಸರಿಲ್ಲದ ಮಗುವಿನ ನಮೂದು, ಮದುವೆಗೆ ಧರ್ಮಸಭೆಯಿಂದ ಪಡೆದ ವಿನಾಯಿತಿ ಮೊದಲಾದವು ಬದುಕಿರುವ ಮನೆತನಗಳ ಗುಟ್ಟು. ಅವು ನಿಮ್ಮ ಪುಸ್ತಕಕ್ಕೆ ಬರತಕ್ಕವಲ್ಲ.

ಕರಡು ಸಿದ್ಧವಾದೊಡನೆ ಅಚ್ಚಿಗೆ ಕೊಡಬೇಡಿ. ಎರಡು ಮೂರು ಭಾನುವಾರ ಪೂಜೆಯ ನಂತರ ಒಂದೊಂದು ಅಧ್ಯಾಯವನ್ನು ಜನರ ಮುಂದೆ ಗಟ್ಟಿಯಾಗಿ ಓದಿ, ಅವರು ಹೇಳುವ ತಿದ್ದುಪಡಿಯನ್ನು ಹೇಳಿದವರ ಹೆಸರಿನೊಂದಿಗೆ ಅಂಚಿನಲ್ಲಿ ಗುರುತಿಸಿಕೊಳ್ಳಿ. ಅಚ್ಚಾದ ಒಂದು ಪ್ರತಿಯನ್ನು ಗುರುಮನೆಯ ಬೀರುವಿಗೂ ಇನ್ನೊಂದನ್ನು ಬಿಷಪರ ಕಚೇರಿಗೂ ಸಲ್ಲಿಸಿ, ಹಿರಿಯರ ಧ್ವನಿಮುದ್ರಣಗಳನ್ನು ಪ್ರತಿ ಮಾಡಿಸಿ ಅವರವರ ಮನೆಗಳಿಗೇ ತಲುಪಿಸಿ.